ಬಸಲಿಂಗನವರೆಗೆ ಎಳೆದ ಗೆರೆ

ದೇವಾಪುರದ ಕೂಲಿ ಮನೆಯಲ್ಲಿ ಹುಟ್ಟಿ, ಶಹಾಪುರದಲ್ಲಿ ಪದವಿ ಮುಗಿಸಿ, ಕಕ್ಕೇರಾದಾಚೆ ಹೊಳೆದಂಡೆಯ ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಚಂದ್ರಕಲಾ ತಪ್ಪನ್ನು ಸಹಿಸುವವಳಲ್ಲ. ಮಕ್ಕಳದ್ದಾಗಲಿ, ಮುಖ್ಯಗುರುಗಳದ್ದಾಗಲಿ, ನಾಲ್ಕು ಜನರ ಎದುರೇ ತಿದ್ದುತ್ತಿದ್ದಳು. ಆಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಊರಿನ ಎಲ್ಲ ಓಣಿಗಳಿಗೂ ಬೇಗ ಮುಟ್ಟುವ ಏರ್ಪಾಟು ಬೇಕೆಂದಾಗ ಪಂಚಾಯಿತಿಯವರು ಅವಳನ್ನೇ ಕೇಳಿದರು.

ಅವಳು ಎಂ.ಎಸ್ಸಿಯಲ್ಲಿ ಓದಿದ್ದ ಗ್ರಾಫ್ ಸಿದ್ಧಾಂತವನ್ನು ಹೊರತೆಗೆದಳು. ಶಾಲೆಯ ಜಗಲಿಯ ಹಲಗೆಯ ಮೇಲೆ ಒಬ್ಬೊಬ್ಬರಿಗೆ ಒಂದು ಚುಕ್ಕಿ. ಯಾರಿಂದ ಯಾರಿಗೆ ಮಾತು ದಾಟಬಲ್ಲದೋ ಅವರ ನಡುವೆ ಒಂದು ಗೆರೆ. ಬಳಿಕ ಒಂದೊಂದೇ ಚುಕ್ಕಿಯನ್ನು ಅಳಿಸಿ ನೋಡುವುದು. ಯಾವುದನ್ನು ಅಳಿಸಿದರೆ ಚಿತ್ರ ಎರಡು ತುಂಡಾಗುವುದೋ ಅದೇ ನಿರ್ಣಾಯಕ ಚುಕ್ಕಿ. ಆ ಮನುಷ್ಯ ಊರಲ್ಲಿಲ್ಲದ ದಿನ ಸುದ್ದಿ ಅಲ್ಲಿಗೇ ನಿಲ್ಲುತ್ತದೆ.

ಮೀನುಗಾರರ ಓಣಿಯ ಮಟ್ಟಿಗೆ ಅಂಥ ಚುಕ್ಕಿಗಳು ಎರಡು ಕಂಡವು. ಒಬ್ಬಳು ಶಾಲೆಯ ಬಿಸಿಯೂಟದ ಅಡುಗೆಯ ಸಾಯಬಮ್ಮ. ಪಂಚಾಯಿತಿಯಿಂದ ಸುದ್ದಿ ಮೊದಲು ಅವಳ ಫೋನಿಗೆ ಬರುತ್ತಿತ್ತು. ಇನ್ನೊಬ್ಬ ಅವಳ ಗಂಡನ ಅಣ್ಣ, ಹೆಂಡತಿ ತೀರಿಕೊಂಡ ಬಸಲಿಂಗ. ಓಣಿಯ ಗಂಡಸರನ್ನೆಲ್ಲ ಒಂದು ಕೂಗಿಗೆ ಎಬ್ಬಿಸಬಲ್ಲವನು. ಒಂದೇ ಮನೆಯವರಾದ ಇಬ್ಬರ ನಡುವೆ ಚಂದ್ರಕಲಾ ನೇರ ಗೆರೆ ಎಳೆದಳು. ಮಳೆಗಾಲದಲ್ಲಿ ಊರು ಬಿಡಕೂಡದೆಂದು ಇಬ್ಬರಿಗೂ ತಾಕೀತು ಮಾಡಿದಳು. ಸಾಯಬಮ್ಮನ ಅತ್ತೆ ತಿಮ್ಮವ್ವನ ಚುಕ್ಕಿ ಅಳಿಸಿದಾಗ ಚಿತ್ರ ತುಂಡಾಗಲಿಲ್ಲ.

“ಮುದುಕಿ ಹತ್ರ ಫೋನಿಲ್ಲ, ಏನಿಲ್ಲ. ಇದ್ರೂ ಅಷ್ಟ, ಇರದಿದ್ರೂ ಅಷ್ಟ,” ಎಂದು ಪಂಚಾಯಿತಿ ಸದಸ್ಯೆ ಮಲ್ಲೇಶ್ವರಿಗೆ ಹೇಳಿ ಕೈ ಕೊಡವಿದಳು.

ಶ್ರಾವಣದಲ್ಲಿ ತಿಮ್ಮವ್ವ ಮಗಳ ಬಾಣಂತನಕ್ಕೆ ಸಗರಕ್ಕೆ ಹೋದಳು. ಅದೇ ವಾರ ನೀರು ಬಿಟ್ಟರು. ಸುದ್ದಿ ಸಾಯಬಮ್ಮನಿಗೆ ಹೊತ್ತಿಗೆ ಸರಿಯಾಗಿಯೇ ಬಂತು. ಪಡಸಾಲೆಯಲ್ಲಿ ಬಸಲಿಂಗ ಬಲೆ ಹೆಣೆಯುತ್ತ ಕುಳಿತಿದ್ದ. ಯಾದಗಿರಿಗೆ ಕೆಲಸಕ್ಕೆ ಹೋಗಿದ್ದ ಗಂಡ ಫೋನ್ ಎತ್ತಲಿಲ್ಲ. ಅವಳು ಬಾಗಿಲ ಮರೆಯಲ್ಲಿ ನಿಂತು ಕೆಮ್ಮಿದಳು, ಬಳೆ ಸದ್ದು ಮಾಡಿದಳು, ಕೊಡವನ್ನು ನೆಲಕ್ಕೆ ಕುಕ್ಕಿದಳು. ತಮ್ಮನ ಹೆಂಡತಿ ಹೊರಬರಲು ತಾನು ಅಡ್ಡಿಯಾಗಿದ್ದೇನೆಂದು ತಿಳಿದ ಬಸಲಿಂಗ, ಟವೆಲ್ ಹೆಗಲಿಗೇರಿಸಿ ಮರ್ಯಾದೆಯಿಂದ ಎದ್ದು ಚಹಾದ ಅಂಗಡಿಯ ಕಡೆ ನಡೆದುಬಿಟ್ಟ. ಕೊನೆಗೆ ಅವಳೇ ಓಣಿಯುದ್ದಕ್ಕೂ ಕೂಗುತ್ತ ಓಡಿದಳು. ಅಷ್ಟರಲ್ಲಿ ಹೊಳೆ ಏರಿತ್ತು. ಜೀವಗಳು ಉಳಿದವು, ಹರಿಗೋಲು, ಬಲೆ, ಪಂಪ್‌ಸೆಟ್ಟುಗಳು ಹೋದವು.

ಮರುದಿನ ಓಣಿಯವರು ಶಾಲೆಯ ಅಂಗಳದಲ್ಲಿ ಸೇರಿದರು. ಚಂದ್ರಕಲಾ ಸಾಯಬಮ್ಮನನ್ನು ಹಲಗೆಯ ಮುಂದೆ ನಿಲ್ಲಿಸಿದಳು.

“ಗೆರಿ ಸೀದಾ ಅದ ನೋಡು, ನಿನ್ನಿಂದ ಬಸಲಿಂಗಗ. ಒಂದ ಮನ್ಯಾಗ ಇದ್ದು ಒಂದ ಮಾತು ಹೇಳಾಕ ಆಗ್ಲಿಲ್ಲೇನು?”

“ಹ್ಯಾಂಗ ಹೇಳ್ಲಿರಿ ಟೀಚರ್ರ? ಭಾವನೋರು ಕುಂತಿದ್ರು.”

“ಭಾವ ಏನ್ ಹುಲಿ ಏನ?”

ಯಾರೋ ನಕ್ಕರು. ಹರಿಗೋಲು ಕಳೆದುಕೊಂಡಿದ್ದ ಅರ್ಜುನ ನಗಲಿಲ್ಲ. “ಅಡಗಿ ಕೆಲಸದಿಂದ ತೆಗೀರಿ ಇಕಿನ್ನ,” ಎಂದ.

ಅಷ್ಟರಲ್ಲಿ ಚಂದ್ರಕಲಾಳ ಫೋನ್ ಬಡಿದುಕೊಂಡಿತು. ಸುರಪುರದ ಮನೆಯಿಂದ ದೇವಿಂದ್ರ, ಅವಳ ಗಂಡನ ಅಣ್ಣ. ಎಂದೂ ಅವಳಿಗೆ ಕರೆ ಮಾಡದವರು. ಒಂದು ಕೈ ತಾನಾಗಿಯೇ ಸೆರಗನ್ನು ತಲೆಗೆ ಎಳೆಯಿತು. ಇನ್ನೊಂದು ಕೈ ಫೋನನ್ನು ಮಲ್ಲೇಶ್ವರಿಯ ಕಡೆ ಚಾಚಿತು.

“ನಮ್ಮ ಭಾವನೋರು. ಏನಂತಾರ ಕೇಳ್ರಿ ಅಕ್ಕಾ.”

“ಹೌದ್ರಿ... ಆರಾಮ ಅದಾರ್ರಿ. ಇಲ್ಲೇ ನಿಂತಾರ್ರಿ,” ಎಂದಳು ಮಲ್ಲೇಶ್ವರಿ ಫೋನಿಗೆ. ಬಳಿಕ ಚಂದ್ರಕಲಾಳಿಗೆ, “ಹೊಳಿ ಬಂದದಂತ ಗಾಬರಿ ಆಗ್ಯಾರ. ನಿಮ್ಮ ಯಜಮಾನ್ರ ಫೋನ್ ಹತ್ತವಲ್ದಂತ, ಅದಕ್ಕ ನಿಮಗ ಹಚ್ಚ್ಯಾರ.”

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಗಂಡನ ಅಣ್ಣನೊಡನೆ ಮಾತಾಡಬಾರದೆಂಬ ರೂಢಿಯಂತೆ, ಮದುವೆಯಾದಂದಿನಿಂದ ಅವಳು ದೇವಿಂದ್ರನ ಜೊತೆ ಮಾತಾಡಿದವಳಲ್ಲ. ಊಟಕ್ಕೆ ಏಳಿರೆಂಬುದನ್ನೂ ಅತ್ತೆಯ ಬಾಯಿಂದಲೇ ಹೇಳಿಸುತ್ತಿದ್ದಳು. ಗೆರೆ ಎಳೆಯುವ ದಿನವೂ ಇದು ಅವಳಿಗೆ ಗೊತ್ತಿತ್ತು. ಓದಿದ ಹೆಂಗಸು ಇಂಥದ್ದನ್ನು ಲೆಕ್ಕಕ್ಕೆ ಹಿಡಿದಳೆಂದು ಪಂಚಾಯಿತಿಯವರ ಎದುರು ಹಗುರಾಗಬಾರದೆಂದು ಬಿಟ್ಟಿದ್ದಳು. ತನ್ನ ಮನೆಯಲ್ಲೇ ಇಲ್ಲದ ಗೆರೆಯನ್ನು ಸಾಯಬಮ್ಮನ ಮನೆಯಲ್ಲಿ ಎಳೆದಿದ್ದಳು. ಕಿವಿಯವರೆಗೆ ಮುಖ ಸುಟ್ಟಿತು.

ಬಟ್ಟೆ ತೆಗೆದುಕೊಂಡು ಆ ಗೆರೆಯನ್ನು ಒರೆಸಿದಳು. ಮೀನುಗಾರರ ಓಣಿ ಹಲಗೆಯ ಮೂಲೆಯಲ್ಲಿ ಬೇರೆಯಾಗಿ ಉಳಿಯಿತು. ಸಾಯಬಮ್ಮ, ಬಸಲಿಂಗರ ನಡುವೆ ತಿಮ್ಮವ್ವನ ಚುಕ್ಕಿಯನ್ನಿಟ್ಟು ಆಚೆಗೊಂದು, ಈಚೆಗೊಂದು ಗೆರೆ ಎಳೆದಳು.

“ಸಾಯಬಮ್ಮನ ತಪ್ಪಲ್ರಿ. ಇಲ್ಲದ ಗೆರಿ ನಾ ಎಳದೀನಿ. ಆಕಿನ್ನ ಕೆಲಸದಿಂದ ತೆಗಿಬ್ಯಾಡ್ರಿ.”

“ನಮ್ಮ ಹರಿಗೋಲು ಹೋದ್ವಲ್ರಿ, ಟೀಚರ್ರ,” ಎಂದ ಅರ್ಜುನ.

ಚಂದ್ರಕಲಾ ಮತ್ತೆ ಸೀಮೆಸುಣ್ಣ ಎತ್ತಿಕೊಂಡಳು. “ನಿನ್ನ ನಂಬರ್ ಹೇಳಪ್ಪ. ಮುದುಕಿ ಊರಾಗ ಇರಲಿಕ್ಕಂದ್ರೂ ಸುದ್ದಿ ಮಲ್ಲೇಶ್ವರಿ ಅಕ್ಕನಿಂದ ಸೀದಾ ನಿನಗ ಬರ್ತದ,” ಎಂದು ಹಲಗೆಯ ಕಡೆಗೇ ಮುಖ ಮಾಡಿ ಬರೆದುಕೊಂಡಳು.

ಜನ ಚದುರಿದ ಮೇಲೆ ಅವಳು ಅಡುಗೆಮನೆಯ ಬಾಗಿಲವರೆಗೆ ಹೋದಳು. ಸಾಯಬಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಪ್ಪಾಯಿತೆಂದು ಹೇಳಲು ಚಂದ್ರಕಲಾ ಹೊಸ್ತಿಲ ಮೇಲೆ ನಿಂತಳು.

“ಬೆಳಕಿಗೆ ಅಡ್ಡ ನಿಂತೀರಿ, ಟೀಚರ್ರ,” ಎಂದಳು ಸಾಯಬಮ್ಮ, ಮೊರದಿಂದ ಕಣ್ಣೆತ್ತದೆ. “ಹುಡುಗ್ರ ಊಟಕ್ಕ ಹೊತ್ತಾಗ್ತದ.”

ಚಂದ್ರಕಲಾ ಪಕ್ಕಕ್ಕೆ ಸರಿದು ನಿಂತಳು.