ಅಕ್ಕಿ ಡಬ್ಬಿಯಲ್ಲಿ ಕೂಗಿದ ಫೋನು

ಆವತ್ತು ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ನಾನು ಮಗನ ಫೋನನ್ನು ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದೆ, ಅಷ್ಟೇ. ಅದಕ್ಕೆ ಮೂರು ಕಡೆಯಿಂದ ಮೂವರು ಗಂಡಸರು ಓಡಿ ಬಂದರು, ಪಕ್ಕದ ಮನೆಯವಳು ತನ್ನ ಒಲೆ ಆರಿಸಿದಳು. ತಪ್ಪು ನನ್ನದು. ಊರಲ್ಲಿ ಯಾರಾದರೂ ಬೇರೆ ಹೇಳಿದರೆ ನಂಬಬೇಡಿ.

ನಮ್ಮೂರು ಹೊನ್ನಾಳಿಯಿಂದ ಬಸ್ಸಿನಲ್ಲಿ ಕಾಲು ಗಂಟೆ. ಮಗ ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದು ಹೋದ ವರ್ಷ ಮನೆಗೆ ಬಂದ. ಅಲ್ಲಿ ಅವನದು ಗಾಡಿ ರಿಪೇರಿ ಕೆಲಸ. ಊರಿನವರಿಗೆ ಅದು ಬೇಕಿಲ್ಲ. ಕಟ್ಟೆಯ ಮೇಲೆ ಕೂತವರು "ಎಷ್ಟು ಜನರನ್ನ ಹೊಡೆದಿ?" ಎಂದು ಕೇಳುವರು. ಗ್ರೀಸು ಹೊಡೆದೆ ಎಂದು ಅವನು ಹೇಳಿದರೆ ಅವರಿಗೆ ಸಪ್ಪೆ. ಎರಡು ತಿಂಗಳಾದ ಮೇಲೆ ಅವನು ಕಟ್ಟೆಗೆ ಹೋಗುವುದನ್ನು ಬಿಟ್ಟ. ಆಮೇಲೆ ಸಂತೆ ಬಿಟ್ಟ. ಆಮೇಲೆ ಮಾತು ಬಿಟ್ಟ. ಹಿಂದಿನ ಕೋಣೆಯಲ್ಲಿ ಕಂಬಳಿಯನ್ನು ಇಟ್ಟಿಗೆಯ ಹಾಗೆ ಮಡಚಿಟ್ಟು ಅದರ ಪಕ್ಕ ಕೂರುತ್ತಿದ್ದ. ಕಂಬಳಿಗೂ ಅವನಿಗೂ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಐದೂ ಮುಕ್ಕಾಲಿಗೆ ಮಾತ್ರ ಬಾಯಿ ತೆರೆಯುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ಎತ್ತಿ "ಹಾಜರ್" ಎನ್ನುವನು. ತಾನು ಇನ್ನೊಬ್ಬರಿಗೆ ಫೋನು ಮಾಡಿ ಮತ್ತೆ "ಹಾಜರ್" ಎನ್ನುವನು. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಇದೇನು ಎಂದು ಸೊಸೆಯನ್ನು ಕೇಳಿದೆ. ಮಿಲಿಟರಿ ಬಿಟ್ಟು ಬಂದವರು ತಮಗೆ ಸಾಮಾನು ಕೊಡುವ ಕ್ಯಾಂಟೀನಿನ ಸಾಲಿನಲ್ಲಿ ಪರಿಚಯವಾಗಿ ಹೀಗೊಂದು ಕಟ್ಟುಪಾಡು ಮಾಡಿಕೊಂಡಿದ್ದಾರಂತೆ. ಒಟ್ಟು ನಾಲ್ವರು. ಜಗಳೂರು ಕಡೆ ಸೊಕ್ಕೆಯವರು ಹಿರಿಯರು, ಅವರು ತ್ಯಾವಣಿಗೆಯವನಿಗೆ ಫೋನು ಮಾಡಬೇಕು. ತ್ಯಾವಣಿಗೆಯವನು ನನ್ನ ಮಗನಿಗೆ, ನನ್ನ ಮಗ ನ್ಯಾಮತಿಯವನಿಗೆ, ನ್ಯಾಮತಿಯವನು ತಿರುಗಿ ಸೊಕ್ಕೆಗೆ. ಸುತ್ತು ಮುಗಿದರೆ ನಾಲ್ವರೂ ನೆಟ್ಟಗಿದ್ದಾರೆ ಎಂದರ್ಥ.

ನನಗೆ ಇದು ಹುಚ್ಚಾಟ ಅನ್ನಿಸಿತು. ಸರ್ಕಾರವೇ ಸಾಕು ಹೋಗಿ ಎಂದು ಕಳಿಸಿದರೂ ಇವರು ಹಾಜರಿ ಬಿಡಲಿಲ್ಲವಲ್ಲ! ಈ ತುತ್ತೂರಿ ನಿಲ್ಲುವವರೆಗೆ ನನ್ನ ಮಗ ಮನೆಯವನಾಗುವುದಿಲ್ಲ ಎಂದುಕೊಂಡೆ.

ಆ ವಾರ ಸೊಸೆ ಮಕ್ಕಳನ್ನು ಕರೆದುಕೊಂಡು ತಂಗಿಯ ಸೀಮಂತಕ್ಕೆಂದು ತವರಿಗೆ ಹೋಗಿದ್ದಳು. ಮಗನಿಗೆ ಜ್ವರ, ಗಂಟಲು ಬಾತಿತ್ತು. ಬೆಳಗಿನ ಜಾವ ಮಾತ್ರೆ ನುಂಗಿ ಆಗಷ್ಟೇ ಕಣ್ಣು ಮುಚ್ಚಿದ್ದ. ಫೋನು ಬಡಿದುಕೊಂಡಿತು. ಕೆಂಪು ಗುರುತು ಒತ್ತಿದೆ, ನಿಂತಿತು. ಮತ್ತೆ ಬಡಿದುಕೊಂಡಿತು. ಅದರ ಬಾಯಿ ಪೂರ್ತಿ ಮುಚ್ಚಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅಡುಗೆಮನೆಗೆ ಒಯ್ದು ಅಕ್ಕಿಯೊಳಗೆ ಹೂತು, ಮುಚ್ಚಳ ಬಿಗಿದು, ಹಸುವಿನ ಕಡೆ ಹೋದೆ. ಪುಣ್ಯದ ಕೆಲಸ ಮಾಡಿದೆ ಎಂದೇ ಇದ್ದೆ.

ಏಳಾಗಿರಲಿಲ್ಲ, ನ್ಯಾಮತಿಯವನು ಬೈಕಿನಲ್ಲಿ ಬಂದ. ಮಿಲಿಟರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು, ಈಗ ಔಷಧಿ ಅಂಗಡಿ ಇಟ್ಟಿದ್ದಾನೆ. ಬೈಕನ್ನು ನಿಲ್ಲಿಸಲೂ ಇಲ್ಲ, ಬೀಳಿಸಿ ಬಂದ.

"ಅವ್ವಾ, ಎಲ್ಲಿ ಅವನು?"

"ಮಲಗ್ಯಾನೆ."

"ಉಸಿರಾಡ್ತಾ ಇದಾನಾ?"

"ಏನು ಮಾತಾಡ್ತೀಯಪ್ಪಾ? ಗೊರಕೆ ಬೀದಿಗೆ ಕೇಳ್ತೈತೆ, ನಿಂಗೆ ಕೇಳಾಕಿಲ್ವಾ?"

ಶೂ ಕೂಡ ಬಿಚ್ಚದೆ ಒಳಗೆ ನುಗ್ಗಿ, ಮಗನ ಕತ್ತಿಗೆ ಎರಡು ಬೆರಳಿಟ್ಟು ನೋಡಿದ. ನೋಡಿ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅಷ್ಟರಲ್ಲಿ ತ್ಯಾವಣಿಗೆಯವನು ಗೂಡ್ಸ್ ಆಟೋದಲ್ಲಿ ಬಂದಿಳಿದ. ಮಿಲಿಟರಿಯಲ್ಲಿ ಅಡುಗೆಯವನಾಗಿದ್ದು ಈಗ ಹೋಟೆಲು ನಡೆಸುವವನು. ಮೊಣಕೈವರೆಗೂ ಇಡ್ಲಿ ಹಿಟ್ಟು ಮೆತ್ತಿತ್ತು. ಹೀಗೆ ಮುಖ ಗಂಟಿಕ್ಕಿಕೊಂಡ ಗಂಡಸರು ಒಬ್ಬರ ಹಿಂದೆ ಒಬ್ಬರು ಬರುವುದನ್ನು ಕಂಡು ಪಕ್ಕದ ಮನೆಯವಳು ಹೊಸಿಲಾಚೆ ನಿಂತು ಸೆರಗನ್ನು ಬಾಯಿಗೆ ಹಿಡಿದಳು.

"ಒಲೆ ಆರಿಸಿ ಬಂದೆ ಕಣಕ್ಕಾ. ಯಾರು ಹೋದ್ರು?"

"ಹೋಗಿ ಹಚ್ಚು. ಯಾರೂ ಹೋಗಿಲ್ಲ."

ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು.

ಈ ಗಲಾಟೆಗೆ ಮಗ ಕಂಬಳಿ ಹೊದ್ದು ಎದ್ದು ಬಂದ. "ಏನ್ರೋ, ಯಾರಿಗೇನಾತು?"

"ನಿಂಗೇ ಆಗೈತೆ ಅಂದ್ಕಂಡು ಬಂದೀವಿ ಕಣೋ!" ಎಂದು ತ್ಯಾವಣಿಗೆಯವನು ಕಿರುಚಿದ. "ನಾಲ್ಕು ತಟ್ಟೆ ಇಡ್ಲಿ ಒಲೆ ಮೇಲೆ ಬಿಟ್ಟು ಬಂದೀನಿ. ಯಾರು ತಿನ್ತಾರೆ ಅದನ್ನ, ನಿಮ್ಮಪ್ಪನಾ?"

"ಅವರಪ್ಪ ಹೋಗಿ ಹತ್ತು ವರ್ಷಾತು," ಎಂದೆ ನಾನು. "ಬೇರೆ ಯಾರನ್ನಾದ್ರೂ ಹುಡುಕು."

ಅವನು ನಾಲಿಗೆ ಕಚ್ಚಿಕೊಂಡು ನನ್ನ ಕಾಲು ಮುಟ್ಟಿದ. ಸೀರೆಗೆ ಹಿಟ್ಟಾಯಿತು.

"ಫೋನೆಲ್ಲೋ?" ಎಂದು ನ್ಯಾಮತಿಯವನು ಕೇಳಿದ. ಮಗ ಒಳಗೆ ಹೋಗಿ ದಿಂಬಿನ ಕೆಳಗೆ ತಡಕಾಡಿ ಬಂದ. ತ್ಯಾವಣಿಗೆಯವನು ತನ್ನ ಫೋನಿನಿಂದ ಒತ್ತಿದ. ಅಕ್ಕಿ ಡಬ್ಬಿ ಗುಂಯ್ ಎಂದಿತು. ಮೂವರೂ ಡಬ್ಬಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮಲಗಲಿ ಅಂತ ಹಾಕಿದೆ" ಎಂದೆ.

ಸೊಕ್ಕೆಯವರಿಗೆ ಸುದ್ದಿ ಹೋಯಿತು. ಅವರಾಗಲೇ ಜಗಳೂರಿನಲ್ಲಿ ಬಸ್ಸು ಹತ್ತಿಬಿಟ್ಟಿದ್ದರು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹನ್ನೊಂದರ ಹೊತ್ತಿಗೆ ಬಂದರು. ಬಿಳಿ ಮೀಸೆಯ ಹವಾಲ್ದಾರರು, ಉಳಿದವರೆಲ್ಲ ಉಸ್ತಾದ್ ಎನ್ನುತ್ತಾರೆ. ಮಗನನ್ನು ಒಂದು ಸಲ ನೋಡಿ, ತಲೆಯಾಡಿಸಿ, ನೇರ ಕೊಟ್ಟಿಗೆಗೆ ಬಂದರು. ನಾನು ಸಗಣಿ ಎತ್ತುತ್ತಿದ್ದೆ.

"ಯಾಕೆ ಹಂಗೆ ಮಾಡಿದ್ರಿ ಅವ್ವಾ?"

"ನಿಮ್ಮ ಹಾಜರಿ ನಿಂತ್ರೆ ನನ್ನ ಮಗ ಸರಿಹೋಗ್ತಾನೆ ಅಂತ," ಎಂದೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

ಅವರು ಸಿಟ್ಟಾಗಲಿಲ್ಲ. "ಹೋದ ವಾರ ನಿಮ್ಮ ಮಗ ನನಗೆ ಫೋನು ಮಾಡಿದ್ದ. 'ನನ್ನ ಬಿಟ್ಟು ನೀವು ಮಾಡ್ಕಳ್ರಿ, ನಂಗೆ ಸಾಕಾಗೈತೆ' ಅಂದ."

"ಫೋನು ಸಾಕಾಗೈತೆ ಅಂತ ತಾನೆ?"

"ಅವನೂ ಹಂಗೇ ಅಂದ. ಅದನ್ನ ನಂಬಾಕೆ ನಮಗೆ ಧೈರ್ಯ ಬರಲಿಲ್ಲ." ಹಸುವಿನ ಬೆನ್ನು ನೇವರಿಸುತ್ತ ನಿಂತರು. "ನಾವು ಮೊದ್ಲು ಐವರಿದ್ವಿ ಅವ್ವಾ. ಐದನೆಯವನೂ ಹಿಂಗೇ ಅಂದಿದ್ದ. ಒಂದಿನ ಎತ್ತಲಿಲ್ಲ. ಮಲಗಿರ್ಬೇಕು, ಮಲಗಲಿ ಅಂತ ನಾವೂ ಬಿಟ್ವಿ."

ನಾನು ಅಳುವ ಪೈಕಿ ಅಲ್ಲ. ಸಗಣಿ ಬುಟ್ಟಿಯನ್ನು ಕೆಳಗಿಟ್ಟೆ. ಬೆಳಿಗ್ಗೆ ನಾನು ಅಂದಿದ್ದೂ ಅದೇ ಮಾತು, ಮಲಗಲಿ ಅಂತ. "ಕೈ ತೊಳ್ಕಳ್ರಿ, ಉಂಡು ಹೋಗಿರಂತೆ" ಎಂದೆ.

ಅಡುಗೆಮನೆ ನನ್ನ ಕೈಗೆ ಸಿಗಲಿಲ್ಲ. ತ್ಯಾವಣಿಗೆಯವನು ಒಲೆ ಹಿಡಿದ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಆಮೇಲೆ ಅನ್ನ ಸಾರು. ಒಂದು ಬೆಟಾಲಿಯನ್ನಿಗೆ ಆಗುವಷ್ಟು ಮಾಡಿದ. ನನ್ನ ಮಗನಿಗೆ ಈರುಳ್ಳಿ ಹೆಚ್ಚುವ ಡ್ಯೂಟಿ. "ದಪ್ಪ ಆತು, ಮತ್ತೆ ಹೆಚ್ಚು" ಎಂದು ಉಸ್ತಾದ್ ಎರಡು ಸಲ ವಾಪಸು ಕಳಿಸಿದರು. ಪಕ್ಕದ ಮನೆಯವಳಿಗೂ ಒಂದು ತಟ್ಟೆ ಹೋಯಿತು, ಆರಿಸಿದ ಒಲೆಯನ್ನು ಅವಳು ಸಂಜೆವರೆಗೂ ಹಚ್ಚಲಿಲ್ಲ.

ನಡುವೆ ಮಗ ಕಟ್ಟೆಯವರ ಮಾತು ತೆಗೆದ. ಎಷ್ಟು ಜನರನ್ನ ಹೊಡೆದಿ ಎಂದು ಕೇಳುತ್ತಾರೆಂದ.

"ನನ್ನ ಕೇಳಿದ್ರೆ ಲೆಕ್ಕ ಕೊಡ್ತೀನಿ," ಎಂದ ನ್ಯಾಮತಿಯವನು. "ಇಪ್ಪತ್ತು ವರ್ಷ ಸೂಜಿ ಚುಚ್ಚೀನಿ."

"ನಾನು ಸಾಂಬಾರಿನಾಗೇ ಹೊಡೆದೀನಿ," ಎಂದ ತ್ಯಾವಣಿಗೆಯವನು.

ಮಗ ನಕ್ಕ. ಬಾತ ಗಂಟಲಿನಿಂದ ಹಳೆಯ ಪಂಪ್‌ಸೆಟ್ಟು ಹೊರಟ ಹಾಗೆ ಸದ್ದು ಬಂತು. ಆಮೇಲೆ ಅವನ ಬಾಯಿ ನಿಲ್ಲಲೇ ಇಲ್ಲ. ಹಿಂದಿ, ಕನ್ನಡ ಕಲಸಿ ಸಂಜೆವರೆಗೂ ಕೂಗಾಡಿದ. "ಗಂಟಲಿಗೆ ರಜಾ ಕೊಡೋ" ಎಂದು ನ್ಯಾಮತಿಯವನು ಬೈದರೂ ಕೇಳಲಿಲ್ಲ.

ಅವರು ಹೊರಟು ನಿಂತಾಗ ನಾನು ಎಲ್ಲರೆದುರಿಗೇ ಕೇಳಿದೆ. "ಇವರಿಗೆ 'ನನ್ನ ಬಿಟ್ಟುಬಿಡ್ರಿ' ಅಂದಿದ್ಯಂತೆ?"

"ಅಂದಿದ್ದೆ."

"ಈಗ ಏನಂತೀ?"

ಉಸ್ತಾದ್ ಚಪ್ಪಲಿ ಮೆಟ್ಟುತ್ತ, "ಇರ್ಲಿ ಬಿಡ್ರವ್ವಾ. ನಾಳೆ ಬೆಳಿಗ್ಗೆ ಗೊತ್ತಾಗ್ತೈತಲ್ಲ" ಎಂದರು.

ಮರುದಿನ ಐದೂವರೆಗೇ ನಾನು ಫೋನು ಹಿಡಿದು ಅವನ ಕೋಣೆಗೆ ಹೋದೆ. ಅವನಾಗಲೇ ಎದ್ದು ಕೂತಿದ್ದ. ಕಂಬಳಿ ಮಡಚಿರಲಿಲ್ಲ. ಇಬ್ಬರೂ ಫೋನು ನೋಡುತ್ತ ಕೂತೆವು. ಬಡಿದುಕೊಂಡಿತು. ಅವನೇ ಕೈ ಚಾಚಿ ತೆಗೆದುಕೊಂಡು ಬಾಯಿ ತೆರೆದ. ಸ್ವರವೇ ಇಲ್ಲ. ಮತ್ತೆ ತೆರೆದ, ಬರೀ ಗಾಳಿ. ಆ ಕಡೆ ತ್ಯಾವಣಿಗೆಯವನ "ಹಲೋ, ಹಲೋ" ಏರುತ್ತ ಹೋಯಿತು. ನಾನು ಕಿತ್ತುಕೊಂಡೆ.

"ಇದಾನೆ ಕಣಪ್ಪಾ. ಗಂಟಲು ಕಟ್ಟೈತೆ."

"ನಿಮ್ಮ ಮಾತು ನಡೆಯಾಕಿಲ್ಲ ಅವ್ವಾ. ಡಬ್ಬಿಗೆ ಹಾಕಿದೋರು ನೀವು. ಅವನೇ ಹೇಳ್ಬೇಕು."

ಫೋನನ್ನು ಮಗನ ಬಾಯಿಗೆ ಹಿಡಿದು "ಕೆಮ್ಮೋ" ಎಂದೆ. ಕೆಮ್ಮಿದ.

"ಹಾಜರ್!" ಎಂದು ಆ ಕಡೆಯವನೇ ಕೂಗಿ, ನಗುತ್ತಾ ಫೋನಿಟ್ಟ.

ಮುಗಿಯಿತೆಂದು ನಾನು ಏಳಲು ಹೋದೆ. ಮಗ ನನ್ನ ಮಣಿಕಟ್ಟು ಹಿಡಿದ. ಫೋನಿನಲ್ಲಿ ನ್ಯಾಮತಿಯವನ ಫೋಟೋ ತೆಗೆದು, ಒತ್ತು ಎಂದು ಬೆರಳಿನಿಂದ ತೋರಿಸಿದ. ಒತ್ತಿದೆ. ಆ ಕಡೆ ಎತ್ತಿದ ಕೂಡಲೇ ಮಗ ನಾನು ಹೇಳುವ ಮೊದಲೇ ಕೆಮ್ಮಿದ. ಎರಡು ಸಲ.

ನಾನು ಎದ್ದು, ಉಪ್ಪು ನೀರು ಕಾಯಿಸಲು ಒಲೆ ಹಚ್ಚಿದೆ.