ಸೋಮವಾರದ ಬಂಡಿ

ನಾನು ಚಿಕ್ಕವನಿದ್ದಾಗ ನಮ್ಮ ಕಮಲಾಪುರದಲ್ಲಿ ಸೋಮವಾರ ಬಂತೆಂದರೆ ಎತ್ತುಗಳಿಗೆ ರಜೆ. ನಮಗಲ್ಲ ಮತ್ತೆ, ಎತ್ತುಗಳಿಗೆ! ಅದು ಬಸವಣ್ಣನ ವಾರ. ಆ ದಿನ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಬೆಳಿಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮುಂದೆ ಜೋಳದ ಕಣಿಕೆ ಹಾಕಿಬಿಟ್ಟರೆ ಮುಗಿಯಿತು. ಅವು ಅರ್ಧ ಕಣ್ಣು ಮುಚ್ಚಿ ದಿನವೆಲ್ಲ ಮೆಲುಕು ಹಾಕುತ್ತಿದ್ದವು. ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಸಾಲಿಗೆ ಹೊರಟ ನನಗೆ ಅವುಗಳನ್ನು ಕಂಡರೆ ಹೊಟ್ಟೆಕಿಚ್ಚು.

ನಮ್ಮದು ಕೆಂಪು ಬಾಳೆಯ ಸಣ್ಣ ತೋಟ. ಆ ಹಣ್ಣಿನ ಸಿಪ್ಪೆ ಕುಂಕುಮಕ್ಕಿಂತ ಸ್ವಲ್ಪ ಕಪ್ಪು, ಒಳಗೆ ಬೆಣ್ಣೆಯ ಬಣ್ಣ. ಒಂದು ಗೊನೆ ಮೂಲೆಯಲ್ಲಿ ಹಣ್ಣಾದರೆ ಪಡಸಾಲೆಯಿಂದ ಅಡುಗೆಮನೆವರೆಗೆ ಅದೇ ವಾಸನೆ. ಕಲಬುರಗಿಯ ಹಣ್ಣಿನ ವ್ಯಾಪಾರಿಯೊಬ್ಬ ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರ ಟೆಂಪೋ ಕಳಿಸುತ್ತಿದ್ದ. ಕಳಿಸುತ್ತಿದ್ದದ್ದು ಸೋಮವಾರವೇ! ಹಾಗಾಗಿ ಆ ದಿನ ಎತ್ತಿನ ಬಂಡಿ ಕಟ್ಟುವ ಹಾಗಿಲ್ಲ, ಕೊಯ್ದ ಗೊನೆಗಳನ್ನು ಮನೆಯಲ್ಲಿ ಇಡುವ ಹಾಗೂ ಇಲ್ಲ. ಟೆಂಪೋ ತಪ್ಪಿದರೆ ಮುಂದಿನ ವಾರದ ಹೊತ್ತಿಗೆ ಹಣ್ಣೆಲ್ಲ ಕರಗಿ ಹೋಗುತ್ತಿತ್ತು. ಅಪ್ಪ, ಅವ್ವ, ಅಕ್ಕ ಮೂವರೂ ತಲೆಯ ಮೇಲೆ ಹೊತ್ತು ಹೊತ್ತು ಸಾಗಿಸುತ್ತಿದ್ದರು. ಒಂದು ವರ್ಷ ಅವ್ವನ ಕುತ್ತಿಗೆ ಹಿಡಿದುಕೊಂಡಿತು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಅದನ್ನು ನೋಡಿ ನೋಡಿ ಅಪ್ಪ ಒಂದು ದಿನ, "ಕೈಲೆ ಎಳಿಯೋದೊಂದು ಬಂಡಿ ಮಾಡೇಬಿಡ್ತೀನಿ" ಎಂದ.

ಕಲಬುರಗಿಯ ಮೋಮಿನಪುರದ ಒಂದು ಗುಜರಿ ಅಂಗಡಿಯಿಂದ ಕಬ್ಬಿಣದ ಪೈಪು, ಪಟ್ಟಿ, ಎರಡು ಹಳೆಯ ಗಾಲಿ ಕೊಂಡು ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಭಾನುವಾರ ಅದೇ ಓಣಿಯ ಒಬ್ಬ ವೆಲ್ಡಿಂಗ್ ಚಾಚಾ ತನ್ನ ಭಾರದ ಮಷೀನು ಬಸ್ಸಿನಿಂದ ಇಳಿಸಿಕೊಂಡು ನಮ್ಮ ಅಂಗಳಕ್ಕೆ ಬಂದ. "ನೋಡಬ್ಯಾಡ್ರೋ, ಕಣ್ಣ ಹೋಗ್ತಾವ!" ಎಂದು ನಮ್ಮನ್ನು ಬೈದು ಕಪ್ಪು ಗಾಜು ಮುಖಕ್ಕೆ ಹಿಡಿದುಕೊಂಡ. ನಾನು ಮತ್ತು ಅಕ್ಕ ಅವನಿಗೆ ಬೆನ್ನು ಮಾಡಿ ಕುಳಿತೆವು. ಚರ್‍ ಚರ್‍ ಎಂದಾಗಲೆಲ್ಲ ಎದುರಿನ ಗೋಡೆಯ ಮೇಲೆ ನಮ್ಮಿಬ್ಬರ ನೆರಳು ನೀಲಿ ಬೆಳಕಿನಲ್ಲಿ ಜಿಗಿಯುತ್ತಿತ್ತು. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಷ್ಟೇ ಅಲ್ಲ, ಮಷೀನು ಕರೆಂಟು ಎಳೆದಾಗಲೆಲ್ಲ ನಮ್ಮ ಓಣಿಯ ಹಿಟ್ಟಿನ ಗಿರಣಿ ಉಸಿರು ಕಟ್ಟಿದಂತೆ ನಿಧಾನವಾಗುತ್ತಿತ್ತು. ಜೋಳ ಬೀಸಿಸಲು ಕೂತ ಹೆಂಗಸರು ಅಲ್ಲಿಂದಲೇ ಕೂಗಿದರು: "ಅಯ್ಯ, ನಿಮ್ಮ ಬಂಡಿ ಮುಗಿಯೋತನಾ ನಾವು ರೊಟ್ಟಿ ತಿನ್ನೋದು ಬ್ಯಾಡೇನ್ರಿ?"

ಅಳತೆಯೆಲ್ಲ ಅಪ್ಪನದೇ. ಹುಟ್ಟಿದಾಗಿನಿಂದ ಅವನಿಗೆ ಗೊತ್ತಿದ್ದದ್ದು ಒಂದೇ ಬಂಡಿ, ನಮ್ಮ ಎತ್ತಿನ ಬಂಡಿ. ಒಂದು ಹಗ್ಗ ತಂದು ಆ ಬಂಡಿಯ ಮೇಲೆ ಹಿಡಿದು ಅಲ್ಲಲ್ಲಿ ಗಂಟು ಹಾಕಿಕೊಂಡಿದ್ದ. ಆ ಹಗ್ಗದ ಪ್ರಕಾರ ಚೌಕಟ್ಟು ಎದ್ದಿತು. ನಡುವಿನಿಂದ ಮುಂದಕ್ಕೆ ಒಂದು ಉದ್ದನೆಯ ಪೈಪು ಬಂತು, ಅದರ ತುದಿಗೆ ಅಡ್ಡಲಾಗಿ ಇನ್ನೊಂದು ಪೈಪು ಕೂತಿತು. ಚಾಚಾ ಕಪ್ಪು ಗಾಜು ಕೆಳಗಿಟ್ಟು ತಲೆ ಕೆರೆದುಕೊಂಡ.

"ಅರೇ ಭಾಯ್, ಇದು ಎತ್ತಿಂದೋ ಆದ್ಮೀದೋ?"

"ಬಂಡಿ ಅಂದ್ರ ಬಂಡಿ. ಅಳತಿ ಹಗ್ಗದಾಗ ಅದ, ನೀ ಹಚ್ಚು ಚಾಚಾ" ಎಂದ ಅಪ್ಪ.

ಚಾಚಾ ನಗುತ್ತ ಹಚ್ಚಿದ. ಚಹಾ ಕುಡಿದು ಮಷೀನು ಹೊರಿಸಿಕೊಂಡು ಬಸ್ಸು ಹತ್ತಿ ಹೋದ. ಅವನು ಹೋದ ಮೇಲೆ ಅಪ್ಪ ಬಂಡಿ ಎಳೆದು ನೋಡಿದ. ನಡುವಿನ ಪೈಪಿನ ಎಡಕ್ಕೆ ನಿಂತು ಅಡ್ಡಕೋಲು ಹಿಡಿದು ಎಳೆದ ಕೂಡಲೆ ಬಂಡಿ ಗಾಣದ ಹಾಗೆ ಗರ್‍ರನೆ ಸುತ್ತಿ ಮನೆಯ ಕಡೆಗೇ ಮುಖ ಮಾಡಿ ನಿಂತಿತು! ಬಲಕ್ಕೆ ನಿಂತ. ಈ ಕಡೆಯಿಂದ ಸುತ್ತಿತು. ಪೈಪನ್ನು ಎರಡು ಕಾಲಿನ ನಡುವೆ ತೂರಿಸಿಕೊಂಡು ನೋಡಿದ. ಹೆಜ್ಜೆ ಎತ್ತಲಿಕ್ಕೇ ಬರಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಗ ನಮಗೆಲ್ಲ ತಿಳಿಯಿತು. ಅದು ಜೋಡಿ ಎತ್ತಿನ ಬಂಡಿ. ಎರಡೂ ಕಡೆ ಒಬ್ಬೊಬ್ಬರು ಹೆಗಲು ಕೊಟ್ಟರೆ ಮಾತ್ರ ನೆಟ್ಟಗೆ ಹೋಗುತ್ತದೆ.

"ಆ ಕಡಿ ನಾ ನಿಂದರ್ತೀನಿ" ಎಂದಳು ಅಕ್ಕ.

"ನಾಳಿಗಿ ಹೆಣ್ಣ ನೋಡಾಕ ಬರೋ ಮಂದಿ ಇವತ್ತೇ ಬೀದ್ಯಾಗ ನೋಡಿ ಹೋಗ್ತಾರ. ಸುಮ್ಮನ ಹಿಂದ ನೂಕು" ಎಂದಳು ಅವ್ವ.

ಎಲ್ಲರೂ ನನ್ನ ಕಡೆ ತಿರುಗಿದರು.

ಮರುದಿನ ಸೋಮವಾರ. ಬೆಳಿಗ್ಗೆ ಬಂಡಿಯಲ್ಲಿ ಬಾಳೆ ಎಲೆ ಹಾಸಿ ಗೊನೆಗಳನ್ನು ಒಂದರ ಪಕ್ಕ ಒಂದು ಮಲಗಿಸಿದೆವು. ಅಡ್ಡಕೋಲು ಅಪ್ಪನ ಎದೆಗೆ ಬರುತ್ತಿತ್ತು, ನನ್ನ ಗದ್ದಕ್ಕೆ. ಕೈಯಿಂದ ಒತ್ತಿದರೆ ಬಲ ಸಾಲದು. ಕುತ್ತಿಗೆ ಬಗ್ಗಿಸಿ, ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡರೆ ಸರಿಹೋಗುತ್ತಿತ್ತು. ಅಕ್ಕ ಕೋಲಿಗೆ ಹಳೆಯ ಕೌದಿಯ ತುಂಡು ಸುತ್ತಿ ಕಟ್ಟಿದಳು. ಮೆತ್ತಗಾಯಿತು, ಖರೆ. ಆದರೆ ಈಗ ನಾನು ನೋಡಲಿಕ್ಕೆ ಪೂರಾ ಎತ್ತೇ ಆಗಿಬಿಟ್ಟೆ. ಕೊಟ್ಟಿಗೆಯೊಳಗಿನ ನಿಜವಾದ ಎತ್ತುಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದವು.

ಓಣಿಯಲ್ಲಿ ಯಾರೂ ಎದುರಾಗಲಿಲ್ಲ. ದೊಡ್ಡ ರಸ್ತೆಗೆ ಬಂದೆವು. ಹೋಟೆಲಿನ ಮುಂದೆ ಮಂಡಕ್ಕಿ ಸುಸಲಾ ತಿನ್ನುತ್ತ ನಿಂತಿದ್ದ ಮಂದಿ ತಟ್ಟೆ ಕೆಳಗಿಳಿಸಿದರು.

"ಏನಪಾ, ಹೊಸಾ ಎತ್ತ ಭಾಳ ಸಣ್ಣಂವ ಅದಾನಲ್ಲ! ಹಲ್ಲ ಹಿಡದ ನೋಡಿ ತಂದೀಯಿಲ್ಲೋ?"

"ಹಲ್ಲ ಇನ್ನಾ ಬೀಳಾಕತ್ತಾವ ಬಿಡ್ರಿ" ಎಂದ ಅಪ್ಪ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನನ್ನ ಕಿವಿ ಎರಡೂ ಕಾದ ಹಂಚಿನಂತಾದವು. ಯಾರೋ ಹಿಂದಿನಿಂದ ನಾಲಿಗೆ ಲೊಚಗುಟ್ಟಿ "ಹೈ... ಹೈ" ಎಂದರು. ನನ್ನ ಕಾಲು ತಾನಾಗಿಯೇ ಜೋರು ಹೆಜ್ಜೆ ಹಾಕಿತು. ಅದಕ್ಕೆ ಇನ್ನಷ್ಟು ನಕ್ಕರು.

ಅದನ್ನೂ ತಡೆದುಕೊಂಡೇನು, ಮುಂದೆ ನಮ್ಮ ಸಾಲಿ ಇತ್ತು. ಪ್ರಾರ್ಥನೆಗೆ ಹುಡುಗರೆಲ್ಲ ಸಾಲಾಗಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಒಬ್ಬರೂ ನೋಡದಿರಲಿ ಎಂದು ಮುಖವನ್ನು ಕೌದಿಯೊಳಗೆ ಹುದುಗಿಸಿದೆ. ಪ್ರಾರ್ಥನೆ ಮುಗಿದದ್ದೇ ತಡ, ನನ್ನ ಪಕ್ಕ ಕೂಡುತ್ತಿದ್ದ ಹುಡುಗನ ದನಿ ಕೇಳಿಸಿತು: "ಏ, ಬಲಗೋಲೆತ್ತು ಬಂತಲೇ!" ಬಂಡಿಯ ಬಲಗಡೆಯ ಎತ್ತಿಗೆ ಹಾಗೆನ್ನುತ್ತಾರೆ. ಸಾಲು ಮುರಿದು ಎಲ್ಲರೂ ಗೇಟಿಗೆ ನುಗ್ಗಿದರು. ಹಿಂದೆ ನೂಕುತ್ತಿದ್ದ ಅಕ್ಕ, "ನಗೋದಾದ ಮ್ಯಾಲ ಬಂದು ನೂಕ್ರೋ, ಹಲ್ಲ ಕಿಸಗೊಂಡು ನಿಂತೀರಿ!" ಎಂದು ಗದರಿದಳು. ಯಾರೂ ಬರಲಿಲ್ಲ.

ನನ್ನ ಕಣ್ಣಿನಲ್ಲಿ ನೀರು ತುಂಬಿ ರಸ್ತೆ ಕಾಣದಾಯಿತು. ಹೆಗಲು ಸಡಿಲವಾಯಿತು. ಬಂಡಿ ಗಕ್ಕನೆ ನನ್ನ ಕಡೆಗೆ ಸುತ್ತಿ, ಒಂದು ಗಾಲಿ ರಸ್ತೆಯಂಚಿನ ಕಾಲುವೆಗೆ ಇಳಿಯಿತು. ಒಂದು ಗೊನೆ ಜಾರಿ ಕೆಳಗೆ ಬಿತ್ತು. ಗೇಟಿನಲ್ಲಿ ಚಪ್ಪಾಳೆ ಬಿತ್ತು. ಆ ಕಡೆ ಬಸ್‌ಸ್ಟ್ಯಾಂಡಿನಿಂದ ಟೆಂಪೋದವನು ಹಾರ್ನ್ ಒತ್ತತೊಡಗಿದ.

ಅಪ್ಪ ಅಕ್ಕನ ಜೊತೆ ಸೇರಿ ಗಾಲಿ ಎತ್ತಿ ರಸ್ತೆಗಿಟ್ಟ. ಬಿದ್ದ ಗೊನೆಯ ಧೂಳು ಒರೆಸಿ ಮೇಲಿಟ್ಟ. ಆಮೇಲೆ ನನ್ನ ಮುಖ ನೋಡಿದ.

"ಇಲ್ಲೇ ನಿಂದ್ರು ತಮ್ಮಾ. ನಾ ಹೋಗಿ ಎತ್ತಿನ ಬಂಡಿ ಕಟಗೊಂಡು ಬರ್ತೀನಿ."

ಅಕ್ಕ ಗಾಬರಿಯಾದಳು. "ಅಪ್ಪಾ, ಇವತ್ತ ಸ್ವಾಮಾರ!"

"ಗೊತ್ತದವ್ವಾ" ಎಂದ ಅಪ್ಪ. "ಎತ್ತಿಗಿ ನಾಚಿಕಿ ಆಗಂಗಿಲ್ಲ."

ಅಷ್ಟು ಹೇಳಿ ಮನೆಯ ಕಡೆ ಹೊರಟೇಬಿಟ್ಟ. ನಮ್ಮಪ್ಪ ಸೋಮವಾರ ಎತ್ತಿನ ಮೈಮೇಲೆ ಒಂದು ಹಗ್ಗ ಕೂಡ ಹಾಕಿದವನಲ್ಲ. ಕಳೆ ಬೆಳೆದು ನಿಂತರೂ, ಮೋಡ ತಲೆಯ ಮೇಲಿದ್ದರೂ ಮಂಗಳವಾರಕ್ಕೆ ಕಾದವನು. ಈಗ ಅದೇ ಹೋಟೆಲಿನ ಮುಂದೆ, ಅದೇ ಮಂದಿಯ ಕಣ್ಣೆದುರು, ಬಸವಣ್ಣನ ವಾರ ನೊಗ ಹೂಡಿಕೊಂಡು ಬರುತ್ತೇನೆಂದು ಹೋಗುತ್ತಿದ್ದ. ಹಾಗೆ ಬಂದರೆ ಅವರು ನಗುತ್ತಿರಲಿಲ್ಲ. ನಗದೆ ಸುಮ್ಮನೆ ನೋಡುತ್ತಿದ್ದರು. ಅದು ಎಷ್ಟು ಕೆಟ್ಟದೆಂದು ಅಷ್ಟು ಸಣ್ಣವನಾದ ನನಗೂ ತಿಳಿಯಿತು. ನನ್ನ ನಾಚಿಕೆಯನ್ನು ಅಪ್ಪ ತಾನು ಹೊರಲು ಹೊರಟಿದ್ದ.

"ಅಪ್ಪಾ!" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದೆ. "ಬಾ ಅಪ್ಪಾ! ಟೆಂಪೋ ಹೋಗ್ತದ!" ಕುತ್ತಿಗೆ ಬಗ್ಗಿಸಿ ಕೋಲಿನ ಕೆಳಗೆ ಹೆಗಲು ಕೊಟ್ಟು ನಿಂತೆ.

ಅಪ್ಪ ತಿರುಗಿ ಬಂದ. ತನ್ನ ಬದಿ ಹಿಡಿದ. ಮಕ್ಕಳೇ, ಇಲ್ಲಿಂದ ನನ್ನ ನಾಚಿಕೆ ಹಾರಿಹೋಯಿತು, ಎದೆಯುಬ್ಬಿಸಿ ನಡೆದೆ ಎಂದು ಹೇಳಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಬಸ್‌ಸ್ಟ್ಯಾಂಡ್ ಬರುವವರೆಗೂ ನಾನು ನೋಡಿದ್ದು ನನ್ನ ಎರಡು ಕಾಲಿನ ಹೆಬ್ಬೆರಳು ಮಾತ್ರ. ಆದರೆ ಹೆಗಲು ಸಡಿಲ ಬಿಡಲಿಲ್ಲ. ಬಂಡಿ ನೆಟ್ಟಗೆ ಹೋಯಿತು. ಟೆಂಪೋದವನು ಗೊಣಗುತ್ತ ಗೊನೆಗಳನ್ನು ಏರಿಸಿಕೊಂಡ.

ಅಂದು ಸಂಜೆ ಅಪ್ಪ ಎತ್ತಿನ ಹೆಗಲಿಗೆ ಹಚ್ಚುವ ಎಣ್ಣೆಯ ಬಟ್ಟಲು ತಂದು ನನ್ನ ಪಕ್ಕ ಕುಳಿತ. ನನ್ನ ಅಂಗಿ ಸರಿಸಿ, ಕೆಂಪಾದ ಜಾಗಕ್ಕೆ ತನ್ನ ಒರಟು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದ. "ಅಳತಿ ನಂದ ತಪ್ಪಿತ್ತೋ" ಎಂದಷ್ಟೇ ಹೇಳಿದ. ಆ ವಾರವೇ ಚಾಚಾನನ್ನು ಮತ್ತೆ ಕರೆಸಿ ನಡುವಿನ ಪೈಪು ಕತ್ತರಿಸಿ, ಎರಡು ಪಕ್ಕಕ್ಕೆ ಎರಡು ಹಿಡಿಕೆ ಹಚ್ಚಿಸಿದ. ಅಲ್ಲಿಂದ ಮುಂದೆ ಅಪ್ಪ ಒಬ್ಬನೇ ಎಳೆದುಕೊಂಡು ಹೋಗುತ್ತಿದ್ದ.

ಈಗ ನಾವು ಕಲಬುರಗಿಯ ಅಂಚಿನ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿದ್ದೇವೆ. ಹೋದ ಭಾನುವಾರ ನನ್ನ ಮೊಮ್ಮಕ್ಕಳು, ಅಕ್ಕ ತಮ್ಮ ಇಬ್ಬರೂ, ನೀರಿನ ಕ್ಯಾನು ಮತ್ತು ಹೂವಿನ ಕುಂಡ ಸಾಗಿಸಲು ಒಂದು ಬಂಡಿ ಮಾಡಿಸಿಕೊಂಡರು. ಅವರಪ್ಪ ತಂದ ವೆಲ್ಡಿಂಗ್ ಮಷೀನು ಊಟದ ಬುತ್ತಿಯಷ್ಟು ಸಣ್ಣದು. ಓಣಿಯ ಒಂದು ದೀಪವೂ ಮಿಣುಕಲಿಲ್ಲ! ಹಿಡಿಕೆ ಎಷ್ಟು ಎತ್ತರ ಬೇಕೆಂದು ಮೊಮ್ಮಗಳು ತಾನೇ ನಿಂತು, ಕೈ ಚಾಚಿ ತೋರಿಸಿದಳು. ಬಣ್ಣ ಒಣಗುವ ಮುಂಚೆಯೇ ಇಬ್ಬರೂ ಬಂಡಿ ಎಳೆದುಕೊಂಡು ಹೊರಗೆ ಓಡಿದರು. ನಾನು ಗೇಟಿನ ಸಂದಿಯಲ್ಲಿ ನಿಂತುಬಿಟ್ಟೆ, ಮಂದಿ ನಗುತ್ತಾರೇನೋ ಎಂಬ ಅಂಜಿಕೆ. ಮನೆಮನೆಯಿಂದ ಮಂದಿ ಹೊರಗೆ ಬಂದರು, ಫೋನಿನಲ್ಲಿ ಫೋಟೋ ತೆಗೆದರು. ಇವರು ಇನ್ನೊಂದು ಸುತ್ತು ಹೊಡೆದು, ಕೈಗೆಲ್ಲ ಹಸಿರು ಬಣ್ಣ ಮಾಡಿಕೊಂಡು ಬಂದರು.

"ಯಾರೂ ನಗಲಿಲ್ಲೇನವ್ವಾ?" ಎಂದು ಕೇಳಿದೆ.

"ನಕ್ಕಾರಲ್ಲ ಮುತ್ಯಾ, ಭಾಳ ಮಂದಿ ನಕ್ಕಾರ!" ಎಂದಳು ಮೊಮ್ಮಗಳು, ಏದುಸಿರು ಬಿಡುತ್ತ. "ನಾವೂ ನಕ್ಕೇವಿ."