ನಾನು ಮುಟ್ಟಿಸದ ಮಾತು

ಹುಳಿ ಬಂದ ಗಂಜಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬೆನ್ನು ತಾನಾಗಿ ಬಗ್ಗುತ್ತದೆ. ಸೀರೆಗೆ ಗಂಜಿ ಹಾಕುವ ಸೊಸೆ ಅದನ್ನು ಕಂಡು ನಗುತ್ತಾಳೆ, ‘ಯಾರ್ ಒಡೆಯಾಕೆ ಬಂದ್ರು ಅತ್ತೆ?’ ಎಂದು. ಹೊಡೆದವರೂ ನನ್ನ ಜೊತೆ ಹೊಡೆಸಿಕೊಂಡವರೂ ಹೋಗಿ ಎಷ್ಟೋ ಕಾಲವಾಯಿತು. ಆದರೆ ಆ ವಾಸನೆಯೊಳಗೆ ಸೇಲಂನ ನಮ್ಮ ನೇಕಾರರ ಬೀದಿ ಹಾಗೆಯೇ ಇದೆ. ಬೆಳ್ಳಂಬೆಳಗ್ಗೆ ಬೀದಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಬಿಗಿದ ಉದ್ದೆಳೆಗಳ ಹಾಸು, ಅದಕ್ಕೆ ಗಂಜಿ ಬಳಿಯುವ ಬೇರಿನ ಕುಂಚದ ಸರಸರ, ಒದ್ದೆ ಹತ್ತಿಯ ಮೇಲೆ ಹರಿದಾಡುವ ಎಳೆಬಿಸಿಲು. ನಮ್ಮ ಮನೆಮಾತು ಕನ್ನಡ, ಆದರೂ ತಮಿಳರಂತೆ ಆ ಹಾಸನ್ನು ಪಾವು ಎನ್ನುತ್ತಿದ್ದೆವು. ಒಂದು ಮನೆಯವರೇ ಪಾವು ಹಿಡಿಯಲು ಆಗುವುದಿಲ್ಲ. ಎಂಟು ಹತ್ತು ಜನ ಸಾಲಾಗಿ ನಿಂತು, ಬಿಸಿಲು ಏರುವ ಮೊದಲು ಎಳೆ ಎಳೆ ಬಿಡಿಸಿ ಒಣಗಿಸಬೇಕು. ಇಲ್ಲವಾದರೆ ನೂಲೆಲ್ಲ ಅಂಟಿಕೊಂಡು ಹಗ್ಗವಾಗುತ್ತದೆ. ಇವತ್ತು ನಿಮ್ಮದು, ನಾಳೆ ನಮ್ಮದು. ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಅವ್ವ ನನ್ನನ್ನು ಹೆತ್ತು ಕಣ್ಣು ಮುಚ್ಚಿದಳು. ಮನೆಯಲ್ಲಿದ್ದದ್ದು ಅಪ್ಪ, ಅವನ ತಮ್ಮ ಚಿಕ್ಕಪ್ಪ, ನಾನು. ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುವವನು. ಹೆಚ್ಚಾಗಿ ಸಿಗುತ್ತಿದ್ದದ್ದು ಮಗ್ಗದ ಲಾಳಿ. ಅದರ ಚೂಪು ತುದಿ ನನ್ನ ಬೆನ್ನಿನಲ್ಲಿ ಎಷ್ಟು ಗೆರೆ ಎಳೆದಿತ್ತೋ. ಚಿಕ್ಕಪ್ಪ ಅಡ್ಡ ಬಂದು ತಾನೂ ತಿನ್ನುತ್ತಿದ್ದ, ಆಮೇಲೆ ನನ್ನ ಗಾಯಕ್ಕೆ ಎಣ್ಣೆ ಸವರುತ್ತಿದ್ದ. ಅವನೆಂದರೆ ನನಗೆ ಪ್ರಾಣ.

ಮೆಟ್ಟೂರಿನ ಅಣೆಕಟ್ಟೆಗೆ ನೀರು ತುಂಬಿದ ಹೊಸತು, ನನಗೆ ಹತ್ತು ವರ್ಷವಿರಬೇಕು. ಓಮಲೂರು ಸಂತೆಯಲ್ಲಿ ಕ್ರಿಸ್ತನ ಉಪದೇಶಿಯೊಬ್ಬನ ಮಾತು ಕೇಳಿದ ಚಿಕ್ಕಪ್ಪ ತಮಿಳಿನ ವೇದಪುಸ್ತಕವನ್ನು ಮನೆಗೆ ತಂದ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ನೇಯುತ್ತಲೇ ಪ್ರವಾದಿಗಳ ಕಥೆಯನ್ನು ನಮ್ಮ ಕನ್ನಡದಲ್ಲಿ ನನಗೆ ಹೇಳುತ್ತಿದ್ದ. ಪ್ರೀತಿ, ಕ್ಷಮೆಯ ಮಾತೆಲ್ಲ ಆಗ ಅವನಿಗೂ ಬೇಕಿರಲಿಲ್ಲ, ನನಗೂ ಬೇಕಿರಲಿಲ್ಲ. ದೇವರು ಎದ್ದು ಬರುವ ದಿನ, ಒಲೆಯಂತೆ ಉರಿಯುವ ಆಕಾಶ, ಕೊಬ್ಬಿದವರು ಹೊಟ್ಟಿನ ಹಾಗೆ ಸುಟ್ಟುಹೋಗುವುದು, ಇವೇ ನಮಗೆ ರುಚಿ. ‘ಒಡೆಯೋರನ್ನೂ ಸುಡ್ತಾನಾ ಚಿಕ್ಕಪ್ಪಾ?’ ಎಂದು ಬೆನ್ನು ಮುಟ್ಟಿಕೊಂಡು ಕೇಳುತ್ತಿದ್ದೆ. ‘ಮೊದಲು ಅವ್ರನ್ನೇ ಕಣ್ಣೂ’ ಎನ್ನುತ್ತಿದ್ದ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಅವನು ದೀಕ್ಷಾಸ್ನಾನ ಮಾಡಿಸಿಕೊಂಡ ಸುದ್ದಿ ಬೀದಿಗೆ ಬಂದ ಮರುದಿನ ನಮ್ಮ ಪಾವಿನ ಸರದಿ. ಅಪ್ಪ ಗಂಜಿ ಬಳಿದು ನಿಂತ. ಒಬ್ಬರೂ ಬರಲಿಲ್ಲ. ಬಾಗಿಲುಗಳೆಲ್ಲ ತೆರೆದೇ ಇದ್ದವು, ಜನ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. ನಾವು ಮೂವರು ಆ ತುದಿಯಿಂದ ಈ ತುದಿಗೆ ಓಡಿದೆವು. ಬಿಸಿಲೇರಿತು, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡವು, ಬಿಡಿಸಲು ಹೋದಲ್ಲೆಲ್ಲ ಹರಿದವು. ಅಪ್ಪ ಗೂಟ ಕಿತ್ತ. ತನ್ನ ತಲೆಗೆ ಬೀಸಿದ್ದನ್ನು ಚಿಕ್ಕಪ್ಪ ಬಲಗೈಯಿಂದ ತಡೆದ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಅಪ್ಪ ಮತ್ತೆ ಬೀಸಿದ, ಮತ್ತೆ, ಚಿಕ್ಕಪ್ಪ ನೆಲಕ್ಕೆ ಬಿದ್ದ ಮೇಲೂ ಅದೇ ಕೈಯ ಮೇಲೆ. ಗಂಜಿಯ ಮಡಕೆಗೆ ರಕ್ತ ಹಾರಿತು. ಚಿಕ್ಕಪ್ಪ ಎದ್ದು, ಜೋತು ಬಿದ್ದ ಕೈಯನ್ನು ಎದೆಗೊತ್ತಿಕೊಂಡು ಕೂಗಿದ: ‘ಸಾಮಿ ನ್ಯಾಯ ತೀರಿಸೋ ದಿನ ಬತ್ತೈತೆ ಅಣ್ಣಾ! ನಿನ್ ಮ್ಯಾಲೆ ಬೆಂಕಿ ಬೀಳ್ತೈತೆ!’ ಹಾಗೆಯೇ ಓಮಲೂರಿನ ದಾರಿ ಹಿಡಿದ. ನಾನು ಅಳುತ್ತಿದ್ದೆ, ಒಳಗೊಳಗೇ ಕುಣಿಯುತ್ತಲೂ ಇದ್ದೆ.

ಬೀದಿಯ ಹಿರಿಯರು ತೀರ್ಪು ಕೊಟ್ಟರು. ಬದುಕಿರುವ ತಮ್ಮನ ಹೆಸರಿನಲ್ಲಿ ಮಡಕೆ ಒಡೆದು, ಸತ್ತನೆಂದು ತಲೆಗೆ ನೀರು ಹುಯ್ದುಕೊಂಡರೆ ಮಾತ್ರ ನಮ್ಮ ಪಾವಿಗೆ ಜನ ಬರುತ್ತಾರೆ. ಒಮ್ಮೆ ಒಡೆದರೆ ಮುಗಿಯಿತು. ಮುಂದೆ ಅವನು ನಿಜವಾಗಿ ಸತ್ತಾಗ ಸೂತಕವೂ ಇಲ್ಲ, ಸ್ನಾನವೂ ಇಲ್ಲ. ಅಪ್ಪ ದಿನ ತಳ್ಳುತ್ತಾ ಹೋದ. ಮಗ್ಗ ಬರಿದಾಗಿತ್ತು, ಲಾಳಿ ನನ್ನ ಬೆನ್ನಿಗಷ್ಟೇ ಕೆಲಸಕ್ಕೆ ಬರುತ್ತಿತ್ತು. ಕಡೆಗೆ ಒಪ್ಪಿದ.

ಆ ದಿನ ಬೆಳಗ್ಗೆ, ಒಡೆಯುವ ಮಡಕೆಗೆ ನೀರು ತರಲು ಬೀದಿಯಾಚೆಯ ಬಾವಿಗೆ ಹೋದೆ. ಕಟ್ಟೆಯ ಮೇಲೆ ಚಿಕ್ಕಪ್ಪ ಕೂತಿದ್ದ, ಕೈಗೆ ಪಟ್ಟಿ, ಮುಖ ಬತ್ತಿತ್ತು.

‘ನಾನ್ ತಪ್ಪಾಗಿ ಓದಿದ್ದೆ ಕಣ್ಣೂ. ಸಾಮಿ ಸುಡ್ತೀನಿ ಅನ್ನೋದು ಸುಡಾಕಲ್ಲ, ಜನ ತಿರುಗ್ಲಿ ಅಂತ. ಒಬ್ಬ ಪ್ರವಾದಿ ಊರು ಹಾಳಾಗ್ತೈತೆ ಅಂತ ಸಾರಿದ್ನಂತೆ. ಊರೋರು ಅತ್ತು ಮನಸ್ಸು ತಿರುಗಿಸಿದ್ರು, ಸಾಮಿ ಬಿಟ್ಬುಟ್ಟ. ಅದಕ್ಕೆ ಆ ಪ್ರವಾದಿಗೇ ಕೋಪ! ಊರಾಚೆ ಓಗಿ ಮುನಿಸ್ಕೊಂಡು ಕೂತ್ನಂತೆ. ನಾನೂ ಅಂಗೇ ಕೂತಿದ್ದೆ.’ ಎಡಗೈಯಲ್ಲಿ ನನ್ನ ಗಲ್ಲ ಹಿಡಿದ. ‘ಆಡಿದ್ ಮಾತು ವಾಪಸ್ ತಕ್ಕೊಂಡಿವ್ನಿ ಅಂತ ಅಣ್ಣಂಗೆ ಏಳು. ಮಡಕೆ ಒಡೆಯೋಕೆ ಮುಂಚೆ ಏಳು. ಬಂದ್ರೆ ಕಾಲಿಗೆ ಬೀಳ್ತೀನಿ. ಇಲ್ಲೇ ಕಾಯ್ತೀನಿ.’

ನಾನು ಕೊಡ ಹೊತ್ತು ಬಂದೆ. ದಾರಿಯುದ್ದಕ್ಕೂ ಬೆನ್ನು ಚುರುಗುಟ್ಟುತ್ತಿತ್ತು, ಹಿಂದಿನ ದಿನದ್ದು. ಬೆಂಕಿಯ ಆಸೆ ಹುಟ್ಟಿಸಿದವನೇ ಈಗ ನೀರು ಹುಯ್ಯಲು ಬಂದನಲ್ಲ ಎಂದು ನನಗೆ ಉರಿದುಹೋಯಿತು. ಅಪ್ಪ ಮಡಕೆಯನ್ನು ಹೆಗಲಿಗೇರಿಸಿ, ಬೀದಿಯ ಕೊನೆಯತ್ತ ನೋಡಿದ. ಮತ್ತೆ ನೋಡಿದ. ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದ: ‘ಬಾವಿತಾವ ಯಾರಾನ ಇದ್ರಾ?’

‘ಯಾರೂ ಇರ್ನಿಲ್ಲ’ ಎಂದೆ.

ಮಡಕೆ ನೆಲಕ್ಕೆ ಬಿತ್ತು. ಮರುದಿನ ಪಾವಿಗೆ ಬೀದಿಯೆಲ್ಲ ಬಂತು.

ಆಮೇಲೆ ಅಪ್ಪ ನನ್ನ ಮೇಲೆ ಕೈ ಮಾಡಲಿಲ್ಲ. ಗುಡುಗು ಕೇಳಿದರೆ ಮೂಲೆಗೆ ಸರಿಯುತ್ತಿದ್ದ, ಒಲೆಯಲ್ಲಿ ಕೊಳ್ಳಿ ಸಿಡಿದರೆ ಬೆಚ್ಚುತ್ತಿದ್ದ. ಸಂಜೆ ದೀಪ ಹಚ್ಚಿದರೆ ಆರಿಸುವ ತನಕ ಅದರ ಮುಂದೆ ಕೂತೇ ಇರುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆಯಿತು. ಬೆಂಕಿ ಬೀಳುತ್ತದೆಂಬ ಅವನ ಭಯವೇ ನನಗೆ ಕಾವಲು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಪಾವು ಹಿಡಿಯುವಾಗ ಚಿಕ್ಕಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ಅಪ್ಪ ಯಾರನ್ನೂ ನಿಲ್ಲಗೊಡಲಿಲ್ಲ. ಅದು ಕಂಡಾಗಲೆಲ್ಲ ಮಾತು ಗಂಟಲಿಗೆ ಬರುತ್ತಿತ್ತು, ನುಂಗುತ್ತಿದ್ದೆ. ಆ ಹಾಳು ಮಾತನ್ನು ನುಂಗಿ ನುಂಗಿಯೇ ನಾನು ದೊಡ್ಡವಳಾದೆ.

ಓಮಲೂರಿನಲ್ಲಿ ಚಿಕ್ಕಪ್ಪ ಜ್ವರದಲ್ಲಿ ಸತ್ತನೆಂದು ಬಸ್ಸಿನಿಂದ ಇಳಿದವನೊಬ್ಬ ಹೇಳಿ ಹೋದ. ಅಪ್ಪ ನೇಯುತ್ತಲೇ ಇದ್ದ. ಅಳಲು ಅವನಿಗೆ ಹಕ್ಕಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಮಗ್ಗದ ಮುಂದೆ ಕೂತು ಎಲ್ಲ ಹೇಳಿದೆ. ಬಾವಿಕಟ್ಟೆ, ಪಟ್ಟಿ ಕಟ್ಟಿದ ಕೈ, ವಾಪಸ್ಸು ತೆಗೆದುಕೊಂಡ ಮಾತು, ನನ್ನ ಸುಳ್ಳು. ಲಾಳಿ ನಿಂತಿತು. ನಾನು ಬೆನ್ನು ಬಗ್ಗಿಸಿ ಕಾದೆ.

‘ಎಷ್ಟೊತ್ತು ಕಾದ?’ ಎಂದ ಅಪ್ಪ.

‘ಗೊತ್ತಿಲ್ಲಪ್ಪಾ. ನಾನು ತಿರುಗಿ ಓಗಿ ನೋಡ್ನಿಲ್ಲ.’

ಅಪ್ಪ ಎದ್ದು ಕೊಡ ತೆಗೆದುಕೊಂಡು, ನನ್ನನ್ನೂ ಎಬ್ಬಿಸಿ ಅದೇ ಬಾವಿಗೆ ನಡೆದ. ಹಾಡಹಗಲು, ಬೀದಿಯೆಲ್ಲ ನೋಡುತ್ತಿತ್ತು. ಕಟ್ಟೆಯ ಮೇಲೆ ಉಟ್ಟ ಬಟ್ಟೆಯಲ್ಲೇ ಕೂತು, ಕೊಡ ನನ್ನ ಕೈಗಿಟ್ಟು, ‘ಉಯ್ಯಿ’ ಎಂದ. ತಮ್ಮ ಸತ್ತದ್ದಕ್ಕೆ ಅಣ್ಣ ಮಾಡಬೇಕಾದ, ಹಿರಿಯರು ಕೂಡದೆಂದಿದ್ದ ಸ್ನಾನ. ನಾನು ನೀರು ಸೇದಿ ಅವನ ತಲೆಯ ಮೇಲೆ ಹುಯ್ದೆ. ಆಮೇಲೆ ಅಪ್ಪ ನನ್ನ ಕೈಯಿಂದ ಕೊಡ ಕಿತ್ತುಕೊಂಡ. ಏಟು ಬಂತು ಎಂದುಕೊಂಡು ಬಗ್ಗಿದೆ. ಅವನು ಒಂದು ಕೊಡ ನೀರು ಸೇದಿ ನನ್ನ ತಲೆಗೂ ಹುಯ್ದ, ಬೆನ್ನ ಮೇಲೆ ಹರಿಯುವ ಹಾಗೆ.

ಮರುದಿನ ನಮ್ಮ ಪಾವಿಗೆ ಯಾರೂ ಬರಲಿಲ್ಲ. ಮಗ್ಗ ಬಿಚ್ಚಿಟ್ಟು ಅಪ್ಪ, ನಾನು ಓಮಲೂರಿನ ಬಸ್ಸು ಹತ್ತಿದೆವು. ಆ ಬೀದಿ ಈಗಿಲ್ಲ, ಬಾವಿಯನ್ನೂ ಮುಚ್ಚಿದ್ದಾರೆ. ಗಂಜಿಯ ವಾಸನೆ ಬಂದರೆ ಬೆನ್ನು ಬಗ್ಗುವುದು ಹೊಡೆತಕ್ಕೆ ಹೆದರಿ ಎಂದೇ ಸೊಸೆ ತಿಳಿದಿದ್ದಾಳೆ. ನಾನು ಬಗ್ಗುವುದು ಆ ಒಂದು ಕೊಡ ನೀರಿಗೆ.